ನಮ್ಮ ವ್ಯಾನಿಗೆ ಕುಡಿಸಿದ ಬಾಟಲಿ ಮದ್ದು

ಬಾಟಲಿಯಲ್ಲಿ ತುಂಬಿಸಿ, ಮೇಲೆ ಹುಲಿಯದೋ ಚಿರತೆಯದೋ ಚಿತ್ರ ಅಂಟಿಸಿದ ಯಾವ ವಸ್ತುವೂ ನಮ್ಮ ಯಜಮಾನರನ್ನು ದಾಟಿ ಮುಂದೆ ಹೋದದ್ದಿಲ್ಲ. ಬೋಳು ತಲೆಗೆ ಕೂದಲು ತರಿಸುವ ಎಣ್ಣೆ, ಜಿರಳೆ ಓಡಿಸುವ ನೀರು, ಸ್ಟೀಲಿನ ಪಾತ್ರೆಯನ್ನು ಬೆಳ್ಳಿ ಮಾಡುವ ಪುಡಿ, ಎಲ್ಲ ಬಂದು ಹೋಗಿವೆ. ಕೂದಲು ಬರಲಿಲ್ಲ, ಜಿರಳೆ ಹೋಗಲಿಲ್ಲ. ಈ ಸಲ ಸರದಿ ವ್ಯಾನಿನದಾಗಿತ್ತು.

ವ್ಯಾನ್ ಅಂದರೆ ನಮ್ಮ ಅನ್ನ. ನಾವು ಬೆಹಾಲಾದಲ್ಲಿ ಇಡ್ಲಿ, ಸಾಂಬಾರು ಬೇಯಿಸಿ ಡಮ್ ಡಮ್‌ನ ಒಂದು ಆಫೀಸಿನ ಕ್ಯಾಂಟೀನಿಗೆ ಎರಡು ವರ್ಷದಿಂದ ಒಯ್ಯುತ್ತಿದ್ದೇವೆ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು. ಬಂಗಾಳಿಗಳ ಈ ದೊಡ್ಡ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ರವೆದೋಸೆ ಮಾತ್ರ ಅಲ್ಲೇ ಕಲಸಿ ಹುಯ್ಯುವುದು, ಅದಕ್ಕೆ ಅಕ್ಕಿಹಿಟ್ಟಿನ ಚೀಲವೂ ಜೊತೆಗೆ. ಚೀಲವನ್ನು ಹಿಂದೆ ಇಟ್ಟರೆ ಇಳಿಸುವಾಗ ಯಾರ ಕೈ ಎಲ್ಲಿ ಹೋಗುತ್ತದೋ ಎಂದು ನನ್ನ ಸೀಟಿನ ಹತ್ತಿರವೇ ಇಡಿಸಿಕೊಳ್ಳುತ್ತೇನೆ. ನನಗೆ ಯಾರ ಮೇಲೂ ನಂಬಿಕೆ ಇಲ್ಲ, ಅದರಿಂದ ನಷ್ಟವೂ ಆಗಿಲ್ಲ.

ಈ ಮಳೆಗಾಲದಲ್ಲಿ ವ್ಯಾನಿಗೆ ಏದುಸಿರು ಹತ್ತಿತು. ಫ್ಲೈಓವರ್ ಏರುವಾಗ ಬಸುರಿಯ ಹಾಗೆ ನಿಂತು ನಿಂತು ಏರುತ್ತಿತ್ತು. ಪೆಟ್ರೋಲ್ ಮಾತ್ರ ಮೊದಲಿಗಿಂತ ಜಾಸ್ತಿ ಕುಡಿಯುತ್ತಿತ್ತು.

೧. ಗಾಡಿಗೆ ಹೇನು

ಒಂದು ದಿನ ನಮ್ಮವರು ಎರಡು ಬಾಟಲಿ ಹಿಡಿದು ಬಂದರು. ಒಂದಕ್ಕೆ ಒಂದು ಪುಕ್ಕಟೆಯಂತೆ. ಇಂಜಿನ್ನಿನ ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಶಕ್ತಿಯೆಲ್ಲ ಸೋರಿಹೋಗುತ್ತದೆ, ಆಯಿಲ್ ಜೊತೆ ಇದನ್ನು ಹಾಕಿದರೆ ತಿಕ್ಕಾಟವೇ ಇರುವುದಿಲ್ಲ ಎಂದು ಮಾರುವವನು ಹೇಳಿದ್ದನಂತೆ. ಅದು ಘರ್ಷಣೆ, ಒಂಬತ್ತನೇ ಕ್ಲಾಸಿನಲ್ಲಿ ನನಗೂ ಪಾಠ ಇತ್ತು ಎಂದೆ. ಅರ್ಥವಾದದ್ದು ಮಾತ್ರ ಮದುವೆಯಾದ ಮೇಲೆ.

"ನೀನು ಮಿಷನ್ ನೋಡಿಲ್ಲ ಮಾರಾಯ್ತಿ. ನೋಡಿದ ಮೇಲೆ ಮಾತಾಡು," ಎಂದು ಭಾನುವಾರ ನನ್ನನ್ನೂ ಮಗಳನ್ನೂ ಕರೆದುಕೊಂಡು ಹೋದರು.

ಪೆಟ್ರೋಲ್ ಬಂಕಿನ ಪಕ್ಕ ಒಂದು ಮೇಜು. ಮೇಲೆ ಚಿಕ್ಕ ಮೋಟರು, ಅದರಲ್ಲಿ ತಿರುಗುವ ಕಬ್ಬಿಣದ ಬಳೆ. ಅದಕ್ಕೆ ಒಂದು ಕಬ್ಬಿಣದ ತುಂಡನ್ನು ಒತ್ತಿ ಹಿಡಿಯುವುದು. ಬರೀ ಇಂಜಿನ್ ಆಯಿಲ್ ಹಾಕಿದಾಗ ಕಿರ್ರೆಂದು ಕಿರುಚಿ ಮೋಟರು ನಿಂತಿತು. ಬಾಟಲಿಯ ಮದ್ದು ನಾಲ್ಕು ಹನಿ ಬಿದ್ದದ್ದೇ ಸದ್ದಿಲ್ಲದೆ ತಿರುಗಿತು. ನಮ್ಮವರು, ಶಾಲೆಯಲ್ಲಿ ಮಗಳಿಗೇ ಬಹುಮಾನ ಬಂತೋ ಎನ್ನುವ ಹಾಗೆ, ನನ್ನ ಮುಖ ನೋಡಿದರು.

ನನ್ನ ಚೀಲದಲ್ಲಿ ತರಕಾರಿಯ ಮೇಲೆ ಮಗಳ ತಲೆಯ ಹೇನಿಗೆಂದು ಕೊಂಡ ಶಾಂಪೂ ಪೊಟ್ಟಣವಿತ್ತು. ತುಂಡನ್ನು ಒರೆಸಿಕೊಡು, ಇದನ್ನೂ ಒಮ್ಮೆ ಹಾಕಿ ನೋಡುವ ಎಂದೆ. ಅವನು ಬೇಡ ಎನ್ನುವಷ್ಟರಲ್ಲಿ ಸುತ್ತ ನಿಂತವರು ಹಾಕಿ, ಹಾಕಿ ಎಂದರು. ಹಾಕಿದೆ. ಮೋಟರು ನಿಲ್ಲಲೇ ಇಲ್ಲ. ಕಿರುಚಲೂ ಇಲ್ಲ. ನೊರೆ ಬಂತು, ಒಳ್ಳೆಯ ಪರಿಮಳವೂ ಬಂತು.

ಈ ಮಿಷನ್ನಿನೊಳಗೆ ನಡೆಯುವುದೇ ಬೇರೆ, ಇಂಜಿನ್ನಿನೊಳಗೆ ನಡೆಯುವುದೇ ಬೇರೆ ಎಂದು ಅವನು ಶುರುಮಾಡಿದ. ಅದನ್ನೇ ನಾನೂ ಹೇಳುವುದು ಎಂದೆ. ಆರು ವರ್ಷದ ಮಗಳು ಅಪ್ಪನ ಅಂಗಿ ಜಗ್ಗಿ ಮೆಲ್ಲಗೆ ಕೇಳಿದಳು:

"ಪಪ್ಪಾ, ನಮ್ಮ ಗಾಡಿಗೆ ಹೇನು ಉಂಟಾ?"

೨. ಉಪ್ಪಿನ ನ್ಯಾಯ

ಇಲ್ಲಿಯ ಕನ್ನಡದವರಲ್ಲಿ ಜಗಳ ಬಿದ್ದರೆ ಕೊನೆಯ ತೀರ್ಪು ರೈಲ್ವೆ ಕಾಕಾನದು. ಧಾರವಾಡದವರು, ಇಂಜಿನ್ ರಿಪೇರಿ ಮಾಡಿಸುತ್ತಲೇ ರಿಟೈರ್ ಆದವರು. ಬಾಟಲಿ ಹಿಡಿದು ಅವರ ಮನೆಗೆ ಹೋದೆವು. ಕಾಕಾ ಕನ್ನಡಕ ಏರಿಸಿ ಬಾಟಲಿಯ ನಾಲ್ಕೂ ಕಡೆ ಓದಿದರು. ಒಳಗೆ ಏನಿದೆ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಾನ ಎಂದರು. ಒಳ್ಳೆಯ ಆಯಿಲ್ ಮಾಡುವವರು ಬೇಕಾದ ಮದ್ದನ್ನೆಲ್ಲ ಲೆಕ್ಕ ಹಾಕಿ ಮೊದಲೇ ಬೆರೆಸಿರುತ್ತಾರೆ, ಮೇಲಿಂದ ಇನ್ನೊಂದು ಹಾಕಿದರೆ ಇದ್ದದ್ದೂ ಕೆಡಬಹುದು ಎಂದು ವಿವರಿಸಿದರು. ನಮ್ಮವರು ತಲೆ ಆಡಿಸುತ್ತಿದ್ದರು, ಆದರೆ ಆ ತಲೆ ನನಗೆ ಗೊತ್ತು.

"ನೋಡಪಾ," ಎಂದರು ಕಾಕಾ, "ನೀ ಸಾರಿಗೆ ಉಪ್ಪ ಹಾಕಿ ಇಳಿಸಿ ಇಟ್ಟಿ. ಹಾದಿಲೆ ಹೋಗಾಂವ ಒಬ್ಬ ಒಳಗ ಬಂದು ಇನ್ನೊಂದು ಮುಷ್ಟಿ ಉಪ್ಪ ಹಾಕ್ತೀನಿ, ರುಚಿ ಆಗ್ತದ ಅಂದ್ರ, ಹಾಕಸ್ಕೋತೀಯೇನು?"

"ಇಲ್ಲ ಕಾಕಾ."

"ಮತ್ತ?"

ಮತ್ತೇನೂ ಇಲ್ಲ ಎಂದು ಎದ್ದು ಬಂದೆವು. ನನಗೆ ಬಹಳ ಸಮಾಧಾನವಾಗಿತ್ತು. ಮೆಟ್ಟಿಲಿಳಿಯುತ್ತ ನಮ್ಮವರು ಬಾಟಲಿಯನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ಹೇಳಿದರು:

"ಕಾಕಾ ಹೇಳಿದ್ದು ಸರಿಯೇ. ಆದರೆ ಅವರದ್ದು ರೈಲಲ್ವಾ, ಅದು ಹಳಿ ಮೇಲೆ ಹೋಗುವುದು."

೩. ಧುನುಚಿ

ನಮ್ಮವರು ಯಾವುದನ್ನೂ ಅಳೆದು ಹಾಕಿದವರಲ್ಲ. ಇಂಗು, ಒಗ್ಗರಣೆ, ಎಲ್ಲ ಕೈ ಅಳತೆ. ಒಂದು ಕೈ ಮುಂದೆಯೇ ಇರಲಿ ಎನ್ನುವ ಕೈ ಅದು. ಆಯಿಲ್ ಸರಿಯಾಗಿಯೇ ಇತ್ತು. ಮದ್ದಿಗೆ ಸ್ವಲ್ಪ ಜೊತೆ ಬೇಕೆಂದು ಅದರ ಮೇಲೆ ಇನ್ನಷ್ಟು ಆಯಿಲ್ ಸುರಿದು, ಅದರ ಮೇಲೆ ಪೂರ್ತಿ ಬಾಟಲಿ ಹಾಕಿದರು.

ಮರುದಿನ ಬೆಳಿಗ್ಗೆ ವ್ಯಾನಿನ ಹಿಂದೆ ರಸ್ತೆಯೇ ಕಾಣಲಿಲ್ಲ. ನೀಲಿ ಹೊಗೆ. ಸ್ಕೂಟರಿನವನೊಬ್ಬ ಕಿಟಕಿಗೆ ಬಂದು, ದಾದಾ, ನಿಮ್ಮ ಪಲ್ಯ ಸೀಯುತ್ತಿದೆ ಎಂದು ಹೇಳಿಹೋದ. ಟ್ರಾಫಿಕ್ ಪೊಲೀಸಿನವರು ನಿಲ್ಲಿಸಿ ಇಂಜಿನ್ ನೋಡುವ ಬದಲು ಮೊದಲು ಸಾಂಬಾರಿನ ಮುಚ್ಚಳ ತೆಗೆಸಿದರು. ಬೆಂಕಿ ಅಲ್ಲಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಇಡ್ಲಿ ತಿಂದು, ಗಾಡಿ ತಣಿಯಲಿ ಎಂದು ನಿಲ್ಲಿಸಿಕೊಂಡರು.

ಡಮ್ ಡಮ್ ಮುಟ್ಟುವಾಗ ಒಂಬತ್ತು ದಾಟಿತ್ತು. ಕ್ಯಾಂಟೀನ್ ನೋಡಿಕೊಳ್ಳುವ ಮ್ಯಾನೇಜರ್ ಬಾಯಿ ಮಾಡುವವರಲ್ಲ. ಇನ್ನೊಂದು ದಿನ ತಡವಾದರೆ ಎದುರಿನ ಲುಚಿಪೂರಿ ಅಂಗಡಿಯವರಿಗೆ ಹೇಳುತ್ತೇನೆ ಎಂದಷ್ಟೇ ಹೇಳಿ ಹೋದರು. ಆ ಒಂದು ಆರ್ಡರಿನ ಮೇಲೆ ನಮ್ಮ ಮನೆ ನಿಂತಿದೆ.

ಹಿಂದೆ ಬರುವಾಗಲೂ ಹೊಗೆಯೇ. ಇಲ್ಲಿ ದುರ್ಗಾಪೂಜೆಗೆ ಮಣ್ಣಿನ ಧುನುಚಿಯಲ್ಲಿ ಧೂಪ ಹಾಕಿ, ಅದನ್ನು ಹಿಡಿದು ಕುಣಿಯುತ್ತಾರೆ. ಪೂಜೆಗೆ ಇನ್ನೂ ಎರಡು ತಿಂಗಳಿತ್ತು. ಫುಟ್‌ಪಾತಿನಲ್ಲಿ ನಿಂತ ಅಜ್ಜಿಯೊಬ್ಬರು ನಮ್ಮ ವ್ಯಾನ್ ಹಾದುಹೋಗುವಾಗ ಕಣ್ಣು ಮುಚ್ಚಿ ಕೈ ಮುಗಿದರು.

೪. ಬಾಯಿ ಬಿಡದ ಮಿಸ್ತ್ರಿ

ಮಿಸ್ತ್ರಿ ಅಂದರೆ ನಮ್ಮ ಬೀದಿಯ ಮೆಕ್ಯಾನಿಕ್. ತುಂಬಿದ್ದನ್ನೆಲ್ಲ ಬಸಿದು ಹೊಸ ಆಯಿಲ್ ಹಾಕಲು ಅವನಿಗೆ ಹೇಳಿದೆವು. ನಮ್ಮವರು ಒಪ್ಪಿದರು, ಒಂದು ಷರತ್ತಿನ ಮೇಲೆ. ತಪ್ಪು ಮದ್ದಿನದಲ್ಲ, ಅಳತೆಯದು, ಆದ್ದರಿಂದ ಎರಡನೇ ಬಾಟಲಿಯನ್ನು ಸರಿಯಾದ ಅಳತೆಯಲ್ಲಿ ತಮ್ಮ ಕಣ್ಣೆದುರೇ ಹಾಕಬೇಕು.

ಅವರಿಗಿಂತ ಮೊದಲೇ ನಾನು ಆ ಬಾಟಲಿ ಹಿಡಿದು ಗ್ಯಾರೇಜಿಗೆ ಹೋದೆ. ಬಾಟಲಿಯಲ್ಲಿದ್ದದ್ದನ್ನು ಮಿಸ್ತ್ರಿಯ ಡಬ್ಬಕ್ಕೆ ಬಗ್ಗಿಸಿ, ಅದೇ ಬಾಟಲಿಗೆ ಅವನ ಸಾದಾ ಇಂಜಿನ್ ಆಯಿಲ್ ತುಂಬಿಸಿದೆ. ದಾದಾನಿಗೆ ಸುಳ್ಳು ಹೇಳಲಾರೆ ಬೌದಿ ಎಂದು ಅವನು ಗೋಳಾಡಿದ. ದಾದಾ ಅಂದರೆ ನಮ್ಮವರು, ಬೌದಿ ಅಂದರೆ ಅತ್ತಿಗೆ, ನಾನು.

"ಸುಳ್ಳು ಯಾರು ಹೇಳು ಅಂದರು? ನೀನು ಬಾಯಿಯೇ ಬಿಡಬೇಡ. ಈ ಗಾಡಿಗೆ ಏನೇ ಮಾಡು, ಬಾಯಿ ಬಿಡಬೇಡ."

ನಮ್ಮವರು ಬಂದರು, ಬಾಟಲಿಯ ಕೊನೆಯ ಹನಿಯವರೆಗೂ ನಿಂತು ನೋಡಿದರು. ಗಾಡಿ ಸಂಜೆಗೆ ಕೊಡುತ್ತೇನೆ ಎಂದ ಮಿಸ್ತ್ರಿ.

ಮರುದಿನ ವ್ಯಾನ್ ಫ್ಲೈಓವರ್ ಏರಿದ್ದೇ ನನಗೆ ಗೊತ್ತಾಗಲಿಲ್ಲ. ಏಳೂಮುಕ್ಕಾಲಿಗೆ ಡಮ್ ಡಮ್. ಪೆಟ್ರೋಲೂ ಕಡಿಮೆ. ನಮ್ಮವರು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ, "ಕೇಳು, ಸದ್ದು ಉಂಟಾ? ಇಲ್ಲ," ಎನ್ನುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿ ನಗುತ್ತಿದ್ದೆ. ನಿಜವಾದ ಮದ್ದನ್ನು ಮಿಸ್ತ್ರಿ ತನ್ನ ಗ್ಯಾರೇಜಿನ ಶಟರಿಗೆ ಸುರಿದಿದ್ದ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಅದು ಮೊದಲಿಗಿಂತ ಜೋರಾಗಿ ಕಿರುಚಿತು.

೫. ವಿಶ್ವಕರ್ಮ ಪೂಜೆ

ನಗು ಹೆಚ್ಚು ದಿನ ಉಳಿಯಲಿಲ್ಲ. ನಮ್ಮವರು ಬಾಟಲಿಯ ಮಹಿಮೆಯನ್ನು ಮ್ಯಾನೇಜರಿಗೆ ಹೇಳಿದ್ದರು. ಮ್ಯಾನೇಜರ್ ಹೊಸ ಕಾರು ಕೊಂಡಿದ್ದರು, ನನಗೂ ಒಂದು ತನ್ನಿ ಎಂದಿದ್ದರು. ತಾವೇ ಹಾಕಿಕೊಡುವುದಾಗಿ ನಮ್ಮವರು ಮಾತು ಕೊಟ್ಟಿದ್ದರು, ಅದೇ ಕೈ ಅಳತೆಯಲ್ಲಿ. ಆ ಹೊಸ ಕಾರು ಧುನುಚಿಯಾದರೆ ಮರುದಿನ ಕ್ಯಾಂಟೀನಿನಲ್ಲಿ ಲುಚಿ.

ವಿಶ್ವಕರ್ಮ ಪೂಜೆ ಅಂದರೆ ಇಲ್ಲಿಯ ಆಯುಧಪೂಜೆ. ಆ ದಿನ ಗ್ಯಾರೇಜಿನಲ್ಲಿ ಮೂರ್ತಿ ಕೂರಿಸಿದ್ದರು, ತಾರಸಿಗಳ ಮೇಲೆ ಗಾಳಿಪಟ. ನಮ್ಮ ವ್ಯಾನಿಗೂ ಹೂವಿನ ಹಾರ ಬಿದ್ದಿತ್ತು. ನಮ್ಮವರು ಕುಂಕುಮ ಹಚ್ಚುತ್ತ, ಪೂಜೆ ಮುಗಿಸಿ ಹಾಗೇ ಬಂಕಿನವನಲ್ಲಿ ಹೋಗಿ ಬಾಟಲಿ ತರುವ ಎಂದರು. ಇನ್ನು ತಡೆದರೆ ಕೆಟ್ಟಿತು ಎಂದು ಅಲ್ಲೇ, ಮಿಸ್ತ್ರಿಯ ಎದುರೇ, ಎಲ್ಲ ಹೇಳಿಬಿಟ್ಟೆ. ಬಾಟಲಿಯಲ್ಲಿ ಇದ್ದದ್ದು ಬರೀ ಆಯಿಲ್, ಗಾಡಿ ಬೆಣ್ಣೆಯ ಹಾಗೆ ಓಡುವುದು ಬರೀ ಆಯಿಲಿನಲ್ಲಿ, ನಾನು ಮೊದಲೇ ಹೇಳಿದ್ದೆ, ಯಾರು ಕೇಳುತ್ತಾರೆ ಎಂದು ಉಸಿರುಕಟ್ಟಿ ಹೇಳಿದೆ.

ನಮ್ಮವರು ಮಿಸ್ತ್ರಿಯ ಕಡೆ ತಿರುಗಿದರು. ಹೌದಾ ಎಂದು ಕೇಳಿದರು.

ಮಿಸ್ತ್ರಿ ತಲೆ ಕೆರೆದುಕೊಂಡ. ಬೌದಿ ಬಾಯಿ ಬಿಡಬೇಡ ಎಂದಿದ್ದರು, ಈಗ ಬಿಡಬಹುದಾ ಎಂದು ನನ್ನನ್ನು ಕೇಳಿದ. ಬಿಡು ಎಂದೆ, ಬಹಳ ಧೈರ್ಯವಾಗಿ.

ಅವನು ಶೆಲ್ಫಿನ ಮೇಲಿಂದ ಕಾಗದ ಸುತ್ತಿದ ಒಂದು ಗುಂಡನೆಯ ವಸ್ತು ತಂದು ಮೇಜಿನ ಮೇಲೆ ತಟ್ಟಿದ. ಬಿಳೀ ಪುಡಿ ಗುಡ್ಡೆಯಾಗಿ ಬಿತ್ತು. ವ್ಯಾನಿನ ಏರ್ ಫಿಲ್ಟರ್. ಇಂಜಿನ್ ಉಸಿರಾಡುವ ಗಾಳಿಯನ್ನು ಸೋಸುವ ಜಾಲರಿ. ಈ ಗಾಡಿಯಲ್ಲಿ ಇಂಜಿನ್ ಇರುವುದೇ ಮುಂದಿನ ಸೀಟಿನ ಅಡಿಯಲ್ಲಿ, ಗಾಳಿ ಎಳೆಯುವುದೂ ಅಲ್ಲಿಂದಲೇ, ಅಲ್ಲಿ ಯಾರೋ ಹಿಟ್ಟಿನ ಚೀಲ ಇಡುತ್ತಾರೆ ಬೌದಿ, ಪಾಪದ ಗಾಡಿಗೆ ಉಸಿರೇ ಕಟ್ಟಿತ್ತು, ಆವತ್ತು ಸಂಜೆ ಹೊಸ ಫಿಲ್ಟರ್ ಹಾಕಿದೆ, ಅಷ್ಟೇ ಎಂದ. ಮದ್ದೂ ಅಲ್ಲ, ಆಯಿಲೂ ಅಲ್ಲ.

ನಾನು ವಿಶ್ವಕರ್ಮನ ಮೂರ್ತಿಯನ್ನು ಬಹಳ ಭಕ್ತಿಯಿಂದ ನೋಡತೊಡಗಿದೆ.

ನಮ್ಮವರು ಆ ಪುಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದರು, ಮೂಸಿದರು. ನಮ್ಮದೇ ಅಕ್ಕಿಹಿಟ್ಟು, ಅನುಮಾನವಿಲ್ಲ. ಬಾಟಲಿ ತರುವ ಮಾತು ಮತ್ತೆ ಎತ್ತಲಿಲ್ಲ. ಕೈ ಕೊಡವಿಕೊಂಡು, ದನಿ ಏರಿಸದೆ, ಮಿಸ್ತ್ರಿಗೂ ಅರ್ಥವಾಗಲಿ ಎಂದು ಮೊದಲು ಹಿಂದಿಯಲ್ಲಿ, ಆಮೇಲೆ ನನಗಾಗಿ ಕನ್ನಡದಲ್ಲಿ ಹೇಳಿದರು:

"ನಾನು ಗಾಡಿಗೆ ಕುಡಿಸಿದ್ದು ಒಂದೇ ದಿನ ಮಾರಾಯ್ತಿ. ನೀನು ಎರಡು ವರ್ಷದಿಂದ ದಿನಾ ರವೆದೋಸೆ ತಿನ್ನಿಸಿದ್ದಿ."