ನನ್ನ ಪಿತ್ತಕೋಶದಲ್ಲಿ ಕಲ್ಲಿಲ್ಲ!

ನಮ್ಮ ಚಿಕ್ಕಮಾವನವರು ಡಾಕ್ಟರಲ್ಲ, ಕಾಂಪೌಂಡರಲ್ಲ, ನಾಟಿ ಔಷಧಿ ಕೊಡುವವರೂ ಅಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಹಾಗಿದ್ದೂ ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಅವರ ಕೈಯಿಂದ ಕಾಯಿಲೆ ಪಡೆಯದ ಮನುಷ್ಯನೇ ಇಲ್ಲ! ಎದುರುಮನೆಗೆ ಥೈರಾಯ್ಡು, ಮೂಲೆಯ ಅಂಗಡಿಗೆ ಕಾಮಾಲೆ, ಕೆಳಗಿನ ಬಾಡಿಗೆ ಹುಡುಗನಿಗೆ ಅಪೆಂಡಿಕ್ಸು. ಮನೆಯ ಸೊಸೆ ಎಂಬ ದಾಕ್ಷಿಣ್ಯಕ್ಕಾದರೂ ನನ್ನನ್ನು ಬಿಡಬಹುದಿತ್ತಲ್ಲ? ಬಿಡಲಿಲ್ಲ. ನನ್ನ ಪಾಲಿಗೆ ಬಂದದ್ದು ಪಿತ್ತಕೋಶದ ಕಲ್ಲು.

ಇಲ್ಲ. ನನ್ನ ಪಿತ್ತಕೋಶದಲ್ಲಿ ಕಲ್ಲಿಲ್ಲ. ಇದನ್ನು ನಾನು ತರಕಾರಿ ಗಾಡಿಯ ಹತ್ತಿರ ಹೇಳಿದ್ದೇನೆ, ಹಾಲಿನ ಬೂತಿನ ಹತ್ತಿರ ಹೇಳಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ಹೇಳಿದ್ದೇನೆ. ಯಾರೂ ನಂಬುವುದಿಲ್ಲ. "ನಿಮಗೆ ಬೋಂಡ ಆಗಲ್ಲ ಅಲ್ವಾ?" ಎಂದು ತಾವೇ ತೀರ್ಮಾನಿಸಿ ಬುಟ್ಟಿಯನ್ನು ಪಕ್ಕದ ಎಲೆಗೆ ದಾಟಿಸಿಬಿಡುತ್ತಾರೆ. ಮೆಣಸಿನಕಾಯಿ ಬೋಂಡ! ಬಿಸಿಬಿಸಿಯಾದದ್ದು! ನನ್ನ ಮೂಗಿನ ಮುಂದೆಯೇ! ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದಾದರೂ ನ್ಯಾಯ ಕೇಳೋಣವೆಂದು ಕೂತಿದ್ದೇನೆ.

ಎಲ್ಲಕ್ಕೂ ಮೂಲ ನನ್ನ ಮಗಳ ಪರೀಕ್ಷೆ. ಅವಳು ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವಳು. ಹಾಗೆ ಓದಿ ಬಂದವರು ಇಲ್ಲಿ ರೋಗಿಯ ಕೈ ಹಿಡಿದು ನಾಡಿ ನೋಡಬೇಕಾದರೆ ಇನ್ನೊಂದು ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಅವಳು ಕೂದಲೆಳೆಯಷ್ಟರಲ್ಲಿ ಫೇಲಾಗಿದ್ದಳು. ಒಂದು ಸಲವಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆವು, ಆದದ್ದು ಎರಡು ಸಲ. ಈ ನಡುವೆ ವೈಟ್‌ಫೀಲ್ಡ್ ಕಡೆಯ ಕಂಪನಿಯೊಂದು ಕೆಲಸಕ್ಕೆ ಕರೆಯಿತು. ಯಾವುದೋ ದೇಶದ ಆಸ್ಪತ್ರೆಗಳ ದಾಖಲೆ ನೋಡಿ ಒಂದೊಂದು ಕಾಯಿಲೆಗೂ ಒಂದೊಂದು ಕೋಡ್ ಹಾಕುವ ಕೆಲಸ. ಒಳ್ಳೆಯ ಸಂಬಳ, ಎಸಿ ರೂಮು, ಮನೆ ಬಾಗಿಲಿಗೆ ಕ್ಯಾಬು. ಈ ಸಲವೂ ಪಾಸಾಗದಿದ್ದರೆ ಅಲ್ಲಿಗೆ ಸೇರುವುದು, ಮತ್ತೆ ಪರೀಕ್ಷೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಮಗಳು ಒಪ್ಪಂದ ಮಾಡಿಕೊಂಡರು. ಒಪ್ಪಿಕೊಂಡ ದಿನ ಅವಳು ತನ್ನ ಸ್ಟೆತಸ್ಕೋಪನ್ನು ಸುತ್ತಿ ಬೀರುವಿನಲ್ಲಿ ಹಳೆಯ ಸ್ವೆಟರುಗಳ ಅಡಿಗಿಟ್ಟಳು. ನಾನು ನೋಡಿಯೂ ನೋಡದವಳಂತೆ ಬಟ್ಟೆ ಮಡಿಸುತ್ತಿದ್ದೆ.

ಪರೀಕ್ಷೆಯಲ್ಲಿ ಕೇಳುವುದೆಲ್ಲ ಪುಟ್ಟ ಪುಟ್ಟ ಕಥೆಗಳು. ಇಷ್ಟು ವಯಸ್ಸಿನ ಗಂಡಸು ಅಥವಾ ಹೆಂಗಸು, ಇಂಥಿಂಥ ತೊಂದರೆ, ಏನು ಕಾಯಿಲೆ, ಮುಂದೇನು ಮಾಡುತ್ತೀರಿ? ಕೆಳಗೆ ನಾಲ್ಕು ಉತ್ತರ, ಒಂದನ್ನು ಆರಿಸಬೇಕು. "ಅಮ್ಮ, ನೀನು ಓದು, ನಾನು ಕಣ್ಮುಚ್ಕೊಂಡು ಯೋಚಿಸ್ತೀನಿ" ಎಂದಳು ಮಗಳು. ನನಗೂ ಖುಷಿಯೇ. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಪುಸ್ತಕ ಎದೆಯ ಮಟ್ಟಕ್ಕೆ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಓದು ಮದುವೆಯಾದ ಮೇಲೆ ಗ್ಯಾಸ್ ಬಿಲ್ ಓದುವುದಕ್ಕಷ್ಟೇ ಉಪಯೋಗವಾಗಿತ್ತು. ಮಧ್ಯಾಹ್ನದ ಕಾಫಿಯ ಹೊತ್ತಿಗೆ ವರಾಂಡದಲ್ಲಿ ನಮ್ಮ ಪಾಠ ಶುರುವಾಯಿತು.

ಆ ಕಾಫಿಗೆ ಚಿಕ್ಕಮಾವನೂ ಬರುತ್ತಾರೆ. ನನ್ನ ಮಾವನವರ ತಮ್ಮ, ಮಕ್ಕಳಿಲ್ಲ, ಚಿಕ್ಕತ್ತೆ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದಾರೆ. "ಕನ್ನಡದಲ್ಲೂ ಹೇಳಮ್ಮ, ನನಗೂ ಹೊತ್ತು ಹೋಗ್ಲಿ" ಎಂದರು. ನಾನು ಪಾಪ ಎಂದುಕೊಂಡೆ. ಎಂಥ ತಪ್ಪು!

"ಐವತ್ತೈದು ವರ್ಷದ ಗಂಡಸು. ಒಂದು ತಿಂಗಳಿಂದ ಕೆಮ್ಮು..."

"ಹೆಸರೇನು?"

"ಯಾರ ಹೆಸರು ಮಾವ?"

"ಆ ಕೆಮ್ಮೋನದ್ದು."

"ಹೆಸರಿಲ್ಲ ಮಾವ. ಇದು ಪರೀಕ್ಷೆ ಪ್ರಶ್ನೆ."

"ಹೆಸರಿಲ್ದಿರೋನು ಹೆಂಗಮ್ಮಾ ಕೆಮ್ತಾನೆ? ಯಾವೂರೋನು? ಹೆಂಡ್ರು ಮಕ್ಕಳು ಇದಾರೋ ಇಲ್ವೋ? ಏನೂ ಗೊತ್ತಿಲ್ದೆ ಈ ಮಗು ಹೆಂಗೆ ಔಷಧಿ ಕೊಡೋದು?"

ಅವರ ಕಾರ್ಖಾನೆಯಲ್ಲಿ ಆಳುಗಳನ್ನು ಟೋಕನ್ ನಂಬರಿನಿಂದ ಕರೆಯುವ ಪದ್ಧತಿಯಿತ್ತಂತೆ. ಇವರು ಮಾತ್ರ ನಿವೃತ್ತರಾಗುವ ತನಕ ಒಬ್ಬನನ್ನೂ ನಂಬರಿನಿಂದ ಕರೆಯಲಿಲ್ಲವಂತೆ. ಮ್ಯಾನೇಜರು ಬೈದರೂ ಇಲ್ಲ. ಇಡೀ ಶೆಡ್ಡಿನ ಹೆಸರು, ಅವರವರ ಊರು, ಮಕ್ಕಳ ಹೆಸರು ಎಲ್ಲ ಬಾಯಿಪಾಠ! ಇಂಥ ಮಹಾನುಭಾವರು ಮನೆಯಲ್ಲಿ ಹೆಂಡತಿಯನ್ನು ಕರೆಯುತ್ತಿದ್ದದ್ದು ಮಾತ್ರ "ಇವಳೇ" ಎಂದು. ಜೀವಮಾನವಿಡೀ "ಇವಳೇ, ನೀರು." "ಇವಳೇ, ಚಪ್ಪಲಿ ಎಲ್ಲಿ?" ಚಿಕ್ಕತ್ತೆಗೂ ಒಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಅವರ ರೇಷನ್ ಕಾರ್ಡ್ ನೋಡಿದ ಮೇಲೆ. ಆಗಲೇ ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ.

ಅಂತೂ ಕೆಮ್ಮುವವನಿಗೆ ನಮ್ಮ ಬೀದಿಯ ಟೈಲರ್ ರಾಮಣ್ಣನ ಹೆಸರಿಟ್ಟ ಮೇಲೆಯೇ ಪಾಠ ಮುಂದಕ್ಕೆ ಹೋಯಿತು. ಅಲ್ಲಿಂದ ಇದೇ ನಿಯಮವಾಯಿತು. ಹೆಸರಿಡದೆ ಉತ್ತರ ಹೇಳುವಂತಿಲ್ಲ!

ಒಂದು ದಿನ ಓದಿದೆ: "ನಲವತ್ತು ದಾಟಿದ, ಸ್ಥೂಲಕಾಯದ ಮಹಿಳೆ. ಎಣ್ಣೆ ತಿಂಡಿ ತಿಂದ ಮೇಲೆ ಹೊಟ್ಟೆಯ ಬಲಭಾಗದಲ್ಲಿ, ಮೇಲುಗಡೆ ನೋವು." ಓದಿ ತಲೆಯೆತ್ತಿದರೆ ಚಿಕ್ಕಮಾವ ನನ್ನನ್ನೇ ನೋಡುತ್ತಿದ್ದಾರೆ. ಮಗಳೂ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಾಳೆ. ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲೇ ಇಲ್ಲ.

"ಪಿತ್ತಕೋಶದ ಕಲ್ಲು!" ಎಂದಳು ನಾನು ಹೆತ್ತ ಮಗಳು, ಚಪ್ಪಾಳೆ ತಟ್ಟಿ. "ಅಮ್ಮಾ, ಇನ್ನು ಜನ್ಮದಲ್ಲಿ ಮರೆಯಲ್ಲ!"

"ನಾನು ಸ್ಥೂಲಕಾಯದವಳಾ?" ಎಂದೆ.

"ಕಲ್ಲಿನ ಭಾರ ಇರ್ಬೇಕು ಬಿಡಮ್ಮಾ" ಎಂದರು ಚಿಕ್ಕಮಾವ, ಸಮಾಧಾನ ಮಾಡುವವರ ಹಾಗೆ!

ವಿಷಯ ವರಾಂಡದಲ್ಲೇ ಉಳಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಅವರಿಗೆ ರೋಗಿಗಳನ್ನು ಮರುದಿನ ವಿಚಾರಿಸಿಕೊಳ್ಳದಿದ್ದರೆ ತಿಂದದ್ದು ಅರಗುವುದಿಲ್ಲ. ಕೆಳಗಿನ ಸಿಂಗಲ್ ರೂಮಿನಲ್ಲಿ ಕಲಬುರಗಿ ಕಡೆಯ ಬಸವರಾಜ ಬಾಡಿಗೆಗಿದ್ದಾನೆ, ಪೀಣ್ಯದಲ್ಲಿ ಗ್ರೈಂಡಿಂಗ್ ಕೆಲಸ. ಬೆಳಿಗ್ಗೆ ಅವನು ಬಕೆಟ್ ಹಿಡಿದು ಹೊರಟರೆ ಇವರು ಗೇಟಿಗೆ ಅಡ್ಡ ನಿಂತರು.

"ಏನೋ ಬಸವರಾಜ, ಭಾರ ಎತ್ತುತಾ ಇದೀಯ! ಹೊಲಿಗೆ ಬಿಟ್ಕೊಂಡೀತು ಕಣೋ!"

"ಯಾವ ಹೊಲಿಗಿರೀ ಯಜಮಾನ್ರ?"

"ನಿನ್ನೆ ಮಧ್ಯಾಹ್ನ ನಿನ್ನ ಅಪೆಂಡಿಕ್ಸ್ ತೆಗೆದ್ವಲ್ಲಪ್ಪಾ."

"ನಂದಾ? ನಾ ನಿನ್ನಿ ಮಧ್ಯಾನ ಡ್ಯೂಟಿಗಿ ಹೋಗಿದ್ನಲ್ರೀ!"

"ಹೋಗಬಾರದಾಗಿತ್ತು ಕಣೋ. ರೆಸ್ಟ್ ಬೇಕಿತ್ತು ನಿನಗೆ."

ಎದುರುಮನೆಯ ಗೌರಮ್ಮ ಈ ಊರಿನ ಮೂಲದವರು. ಹೊಲವಿದ್ದ ಜಾಗದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಅವರೊಂದು ದಿನ ಸೆರಗು ಬಿಗಿದುಕೊಂಡು ಜಗಳಕ್ಕೇ ಬಂದರು. ಸದ್ಯ, ಇವತ್ತಾದರೂ ಈ ಮನುಷ್ಯನಿಗೆ ಬುದ್ಧಿ ಹೇಳುವವರು ಬಂದರಲ್ಲ ಎಂದು ನಾನು ಒಳಗೊಳಗೇ ಕುಣಿದೆ.

"ಅಲ್ಲಾ ಯಜಮಾನ್ರೇ, ನಂಗೆ ಅದೇನೋ ಥೈರಾಡು ಅಂತೆ?"

"ಹೂಂ ಗೌರಮ್ಮ. ದಿನಾ ಒಂದು ಮಾತ್ರೆ ತಗೊಂಡ್ರೆ ಆಯ್ತು, ಭಯ ಇಲ್ಲ."

"ಒಂದು ಮಾತ್ರೆನಾ! ನಮ್ ಮೂರನೇ ಫ್ಲೋರ್ ಬಾಡಿಗೆಯೋಳ್ಗೆ ಆರ್ಟ್ ವಾಲ್ವು ಕೊಟ್ಟಿದ್ದೀರಂತೆ! ಮನೆ ಕಟ್ಸಿರೋಳು ನಾನು, ನಂಗೆ ಒಂದ್ ಮಾತ್ರೆ ಕಾಯ್ಲೆನಾ? ಇಂಗೆಲ್ಲ ತಾರತಮ್ಯ ಮಾಡಿದ್ರೆ ಎಂಗೆ?"

ಚಿಕ್ಕಮಾವ ಗಂಭೀರವಾಗಿ ಯೋಚಿಸಿದರು. "ಮುಂದಿನ ವಾರ ಮೆದುಳಿನ ಪಾಠ ಬರುತ್ತೆ ಗೌರಮ್ಮ. ನಿಮಗೊಂದು ಒಳ್ಳೇದು ನೋಡಿ ಎತ್ತಿಡ್ತೀನಿ." ಗೌರಮ್ಮ ಕಾಫಿ ಕುಡಿದು ಸಂತೋಷವಾಗಿ ಹೋದರು. ನ್ಯಾಯ ಎನ್ನುವುದು ಎಲ್ಲಿದೆ ಹೇಳಿ?

ಕೋಡ್ ಕಂಪನಿಯವರ ಫೋನ್ ಬಂದ ದಿನವಂತೂ ನಾನು ಅವರ ಮೇಲೆ ಕೂಗಾಡಿಯೇಬಿಟ್ಟೆ. ಟೇಬಲ್ ಮೇಲಿದ್ದ ಫೋನನ್ನು ಇವರೇ ಎತ್ತಿ, "ಡಾಕ್ಟರಮ್ಮ ಪೇಷಂಟ್ ನೋಡ್ತಾ ಇದಾರೆ, ಆಮೇಲೆ ಮಾಡಿ" ಎಂದು ಇಟ್ಟುಬಿಟ್ಟರು.

"ಮಾವ! ಕೆಲಸ ಕೊಡೋರು ಅವರು! ನಾಳೆ ಇವಳು ಫೇಲಾದ್ರೆ ಏನು ಗತಿ?"

"ಮನುಷ್ಯನಿಗಂತೂ ಹೆಸರಿಲ್ಲ, ಇನ್ನು ಕಾಯಿಲೆಗೂ ನಂಬರ್ ಹಾಕ್ಬೇಕಾ ಈ ಮಗು? ಸುಮ್ನೆ ಮುಂದಿಂದು ಓದಮ್ಮಾ."

ನನಗೆ ಇನ್ನೂ ಒಂದು ಸಿಟ್ಟಿತ್ತು. ಇಷ್ಟೆಲ್ಲ ಉಪದೇಶ ಮಾಡುವವರು ಕೆಲವು ಪ್ರಶ್ನೆಗಳ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. "ಮೋಟಾರ್ ಆಫ್ ಮಾಡ್ಬಿಟ್ಟು ಬರ್ತೀನಿ" ಎನ್ನುವುದು, ಮೆಟ್ಟಿಲಿಳಿಯುವುದು. ಕಾಫಿ ಆರಿ ಕೆನೆ ಕಟ್ಟಿದ ಮೇಲೆ ಬರುವುದು. ನಮ್ಮ ಸಂಪಿನಿಂದ ನೀರೆತ್ತುವ ಮೋಟಾರು ಹಾಕಿದರೆ ಅಡುಗೆಮನೆಯ ಕಿಟಕಿ ಗಾಜು ಗಡಗಡ ಎನ್ನುತ್ತದೆ. ಅವರು ಎದ್ದು ಹೋದಾಗಲೆಲ್ಲ ಗಾಜು ಸುಮ್ಮನಿರುತ್ತಿತ್ತು. ನಿಂತಿರುವ ಮೋಟಾರನ್ನು ನಿಲ್ಲಿಸಲು ಹೋಗುವುದೆಂದರೇನು? ವಯಸ್ಸಾಯಿತು, ಅರಳುಮರಳು ಎಂದುಕೊಂಡೆ.

ಆದರೆ ಒಂದು ಮಾತು ಹೇಳಲೇಬೇಕು, ಸಿಟ್ಟಿನಲ್ಲೇ ಹೇಳುತ್ತೇನೆ. ಮಗಳ ಅಂಕ ಏರುತ್ತಿತ್ತು! ಮನೆಯಲ್ಲಿ ಮಾಡುವ ಮಾದರಿ ಪರೀಕ್ಷೆಗಳಲ್ಲಿ "ಇದು ಟೈಲರ್ ರಾಮಣ್ಣ, ಇದು ಬಸವರಾಜ, ಇದು ಅಮ್ಮ" ಎಂದು ಗೊಣಗಿಕೊಂಡು ಟಕಟಕನೆ ಗುರುತು ಹಾಕುತ್ತಿದ್ದಳು. ಒಂದೇ ಒಂದು ಬಗೆಯ ಪ್ರಶ್ನೆ ಮಾತ್ರ ಪ್ರತಿ ಸಲವೂ ತಪ್ಪುತ್ತಿತ್ತು. "ಇದೊಂದು ತಲೇಲಿ ನಿಲ್ತಾನೇ ಇಲ್ಲಮ್ಮ. ಪ್ರತಿ ಸಲ ಅಸಿಡಿಟಿ ಅಂತಾನೇ ಹಾಕ್ತೀನಿ" ಎಂದು ತಲೆ ಹಿಡಿದುಕೊಳ್ಳುತ್ತಿದ್ದಳು. ಕೂದಲೆಳೆಯಲ್ಲಿ ಫೇಲಾದವಳಿಗೆ ಒಂದು ಪ್ರಶ್ನೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕೆ?

ಪರೀಕ್ಷೆಗೆ ಸ್ವಲ್ಪ ದಿನವಿದೆ ಎನ್ನುವಾಗ ಆ ಪ್ರಶ್ನೆ ಮತ್ತೆ ಬಂತು. ನಾನು ಓದಿದೆ: "ಅರವತ್ತು ದಾಟಿದ ಮಹಿಳೆ. ಸಕ್ಕರೆ ಕಾಯಿಲೆ ಇದೆ. ಬೆಳಗ್ಗಿನಿಂದ ಸುಸ್ತು, ಬೆವರು, ವಾಕರಿಕೆ. ದವಡೆಯಲ್ಲಿ ನೋವು. ಎದೆನೋವು ಇಲ್ಲ. ಮುಂದೇನು ಮಾಡುತ್ತೀರಿ?"

ಚಿಕ್ಕಮಾವ ಎದ್ದರು. "ಮೋಟಾರ್..."

"ಮೋಟಾರ್ ಹಾಕೇ ಇಲ್ಲ ತಾತ" ಎಂದಳು ಮಗಳು. "ಕೂತ್ಕೊಳ್ಳಿ."

ಅವಳ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮೆತ್ತಗಿತ್ತು, ಆದರೆ ಕೂರದೆ ಇರುವಂತಿರಲಿಲ್ಲ. ಅವರು ಕೂತರು.

"ಬೀದಿಯಲ್ಲಿರೋರಿಗೆಲ್ಲ ಹೆಸರಿಟ್ರಿ. ಇವರು ಬಂದಾಗೆಲ್ಲ ಎದ್ದು ಹೋಗ್ತೀರ. ಹೆಸರಿಲ್ಲ ಅಂತಾನೇ ಇವರು ನನಗೆ ನೆನಪಾಗ್ತಿಲ್ಲ. ಇವರ ಹೆಸರೇನು ತಾತ?"

ಚಿಕ್ಕಮಾವ ಲೋಟದ ಕೆನೆಯನ್ನು ಬೆರಳಿನಿಂದ ಅಂಚಿಗೆ ಸರಿಸಿದರು. ಇನ್ನೊಂದು ಸಲ ಸರಿಸಿದರು.

"ವೆಂಕಟಲಕ್ಷ್ಮಿ" ಎಂದರು.

ರೇಷನ್ ಕಾರ್ಡಿನಲ್ಲಿ ನಾನು ಓದಿದ ಹೆಸರು. ಅವರ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

"ಎದೆನೋವು ಅನ್ಲೇ ಇಲ್ಲ ಕಣಮ್ಮ. ದವಡೆ ನೋಯ್ತಿದೆ ಅಂದ್ಲು. ಹಲ್ಲುನೋವಿರ್ಬೇಕು, ಲವಂಗ ಕಚ್ಕೊಂಡು ಮಲಕ್ಕೋ ಅಂದೆ. ನಾನೇ ಡಬ್ಬಿಯಿಂದ ತೆಗೆದುಕೊಟ್ಟೆ. ಹಂಗೇ ಮಾಡಿದ್ಲು. ಎದುರು ಮಾತಾಡ್ತಿರ್ಲಿಲ್ಲವಲ್ಲ."

ಚಿಕ್ಕತ್ತೆ ನಿದ್ದೆಯಲ್ಲೇ ಹೋದರು, ಸುಖದ ಸಾವು ಎಂದು ಅವತ್ತು ಬಂದವರೆಲ್ಲ ಹೇಳಿದ್ದರು. ಹೂಂ ಹೂಂ ಎಂದು ತಲೆಯಾಡಿಸುತ್ತಾ ಚಿಕ್ಕಮಾವ ಬಾಗಿಲಲ್ಲಿ ಕೂತಿದ್ದರು. ಆ ಲವಂಗದ ಸುದ್ದಿಯನ್ನು ಯಾರಿಗೂ ಹೇಳಿರಲಿಲ್ಲ.

"ಮೊದಲಿಂದ ಓದಮ್ಮಾ" ಎಂದರು ನನಗೆ. "ಹೆಸರು ಸೇರಿಸಿ ಓದು."

ಬೆನ್ನು ನೆಟ್ಟಗೆ ಮಾಡಿದೆ, ಗಲ್ಲ ಮೇಲೆತ್ತಿದೆ. ಸಿಸ್ಟರುಗಳು ಕಲಿಸಿದ್ದು ಯಾವುದೂ ಕೈಹಿಡಿಯಲಿಲ್ಲ. "ವೆಂಕಟಲಕ್ಷ್ಮಿ, ಅರವತ್ತು ದಾಟಿದವರು..." ಎಂದು ಹೇಗೋ ಕೊನೆ ಮುಟ್ಟಿಸಿದೆ.

"ಇಸಿಜಿ" ಎಂದಳು ಮಗಳು. "ಮೊದಲು ಇಸಿಜಿ. ಇದು ಹಾರ್ಟ್ ಅಟ್ಯಾಕ್, ಮನೆಗೆ ಕಳಿಸೋ ಹಾಗಿಲ್ಲ."

ಮಗಳು ಪಾಸಾದಳು. ಸ್ವೆಟರುಗಳ ಅಡಿಯಿಂದ ಸ್ಟೆತಸ್ಕೋಪ್ ಹೊರಗೆ ಬಂತು. ಚಿಕ್ಕಮಾವ ಮೈಸೂರುಪಾಕು ತಂದು ಬೀದಿಯ ರೋಗಿಗಳಿಗೆಲ್ಲ ಹಂಚಿದರು. ಟೈಲರ್ ರಾಮಣ್ಣನಿಗೆ ಒಂದು, ಬಸವರಾಜನಿಗೆ ಎರಡು, ಗೌರಮ್ಮನಿಗೆ ಇಡೀ ಪೊಟ್ಟಣ. ಪರೀಕ್ಷೆಯ ಪುಸ್ತಕವನ್ನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡು ಓದಿದ ನನಗೆ? ಅರ್ಧ! ಮುರಿದ ಅರ್ಧ! "ನಿನಗೆ ತುಪ್ಪದ್ದು ಆಗಲ್ಲಮ್ಮ" ಎಂದರು. ಇದನ್ನು ನಾನು ಕ್ಷಮಿಸಿಲ್ಲ. ಅವರ ಮುಂದೆ ಜಗಳಕ್ಕೆ ಬಾಯಿ ತೆರೆದಾಗಲೆಲ್ಲ ಪರೀಕ್ಷೆಯ ದಿನದ ಸಾಯಂಕಾಲ ನೆನಪಾಗಿ ಬಾಯಿ ಮುಚ್ಚಿಹೋಗುತ್ತದೆ, ಅಷ್ಟೆ.

ಅವತ್ತು ಪರೀಕ್ಷಾ ಕೇಂದ್ರವಿದ್ದದ್ದು ವೈಟ್‌ಫೀಲ್ಡ್ ಕಡೆ. ಬೇಡವೆಂದರೂ ಚಿಕ್ಕಮಾವ ನಮ್ಮ ಜೊತೆ ಮೆಟ್ರೋ ಹತ್ತಿದ್ದರು. ಇಡೀ ದಿನ ಗೇಟಿನ ಎದುರು ಎಳನೀರು ಗಾಡಿಯ ಪಕ್ಕ ಕೊಡೆ ಹಿಡಿದು ನಿಂತು, ಕಾಯುತ್ತಿದ್ದ ಅಪ್ಪ ಅಮ್ಮಂದಿರ ಹೆಸರು ಊರುಗಳನ್ನೆಲ್ಲ ವಿಚಾರಿಸಿದರು. ಸಾಯಂಕಾಲ ಮಗಳು ಹೊರಗೆ ಬಂದಳು. ನೀರಿನ ಬಾಟಲಿ, ಚಕ್ಕುಲಿ ಡಬ್ಬಿ ಹಿಡಿದು ಮುಂದೆ ನಿಂತಿದ್ದ ಹೆತ್ತ ತಾಯಿಯನ್ನು ದಾಟಿಕೊಂಡು, ನೋಡಿ ಹೇಗಿದೆ, ನೇರ ಅವರ ಹತ್ತಿರ ಹೋದಳು.

"ತಾತ, ಅಜ್ಜಿ ಬಂದಿದ್ರು."

"ಯಾರು?"

"ವೆಂಕಟಲಕ್ಷ್ಮಿ. ಪ್ರಶ್ನೇಲಿ ಹೆಸರು ಹಾಕಿರ್ಲಿಲ್ಲ, ಆದ್ರೂ ನೋಡಿದ ತಕ್ಷಣ ಗುರುತು ಸಿಕ್ತು. ಈ ಸಲ ಮನೆಗೆ ಕಳಿಸ್ಲಿಲ್ಲ ತಾತ."

ಚಿಕ್ಕಮಾವ ಕೊಡೆ ಮಡಿಸಿದರು. ಮತ್ತೆ ಬಿಚ್ಚಿದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ.

"ಮೋಟಾರ್ ಆಫ್ ಮಾಡ್ಬಿಟ್ಟು ಬರ್ತೀನಿ" ಎಂದು ಎಳನೀರು ಗಾಡಿಯ ಹಿಂದಕ್ಕೆ ನಡೆದರು.

ನಮ್ಮ ಮನೆಯ ಮೋಟಾರು ಊರಿನ ಇನ್ನೊಂದು ತುದಿಯಲ್ಲಿತ್ತು.

"ನಿಧಾನಕ್ಕೆ ಬನ್ನಿ ಮಾವ" ಎಂದೆ. "ನಾವು ಇಲ್ಲೇ ಇರ್ತೀವಿ."