ಮೋಡೆಮ್ಮಿನ ಬೀಗತನ

ನಮ್ಮ ಮನೆಗೆ ಟೆಲಿಫೋನ್ ಬಂದದ್ದು ಅರ್ಜಿ ಹಾಕಿದ ಏಳನೆಯ ವರ್ಷಕ್ಕೆ. ಅರ್ಜಿಯಲ್ಲಿ ಹೆಸರು ನನ್ನದು, ಡೈರೆಕ್ಟರಿಯಲ್ಲಿ ಹೆಸರು ನನ್ನದು, ರಿಸೀವರ್ ಮಾತ್ರ ನನ್ನ ಧರ್ಮಪತ್ನಿ ಭಾಗ್ಯಶ್ರೀಯದು. ಹುಬ್ಬಳ್ಳಿಯ ನಮ್ಮ ಕೇಶ್ವಾಪುರದ ಸುದ್ದಿಯೆಲ್ಲ ಆ ಕರಿಯ ರಿಸೀವರಿನೊಳಗೆ ಹೋಗಿ ಗೋಪನಕೊಪ್ಪದಲ್ಲಿ ಹೊರಬೀಳುತ್ತಿತ್ತು. ಇಂಥ ಮನೆಯಲ್ಲಿ ಕಂಪ್ಯೂಟರಿಗೂ ಫೋನು ಬೇಕು ಎಂದು ಹೇಳುವ ಧೈರ್ಯ ನನಗೆ ಹೇಗೆ ಬಂತೋ, ಇವತ್ತಿಗೂ ತಿಳಿದಿಲ್ಲ.

ನಾನು ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುವ ಗುರುಬಸವ. ಹುಬ್ಬಳ್ಳಿಯ ಮೊಟ್ಟಮೊದಲ ಬುಲೆಟಿನ್ ಬೋರ್ಡ್ ಸ್ಥಾಪಿಸಬೇಕೆಂಬ ಮಹದಾಕಾಂಕ್ಷೆ ನನ್ನದು. ಅದರ ಹೆಸರೂ ಇಟ್ಟುಬಿಟ್ಟಿದ್ದೆ: ಹರಟೆಕಟ್ಟೆ. ಕಂಪ್ಯೂಟರ್ ಇದ್ದವರು ತಮ್ಮ ಮನೆಯಿಂದ ನಮ್ಮ ಮನೆಯ ಕಂಪ್ಯೂಟರಿಗೆ ಫೋನ್ ಮಾಡಿ ಸುದ್ದಿ ಬರೆದಿಡಬೇಕು, ಬೇರೆಯವರು ಬರೆದಿಟ್ಟದ್ದನ್ನು ಓದಬೇಕು. ಅದಕ್ಕೆ ಎರಡೂ ಕಡೆ ಮೋಡೆಮ್ ಎಂಬ ಒಂದೊಂದು ಡಬ್ಬಿ ಬೇಕು. ಕಂಪ್ಯೂಟರಿನ ಮಾತನ್ನು ಫೋನಿನ ತಂತಿಗೆ ಒಗ್ಗುವ ಕಿರುಚಾಟವಾಗಿ ಮಾಡುವುದೇ ಆ ಡಬ್ಬಿಯ ಉದ್ಯೋಗ.

ಈ ಡಬ್ಬಿಗಳಲ್ಲಿ ಎರಡು ಪಂಗಡ. ಒಂದು, ಎಲ್ಲ ಕಂಪನಿಗಳೂ ಒಪ್ಪಿದ ನಿಯಮದಂತೆ ನಡೆಯುವ ಸ್ಟ್ಯಾಂಡರ್ಡ್ ಮೋಡೆಮ್. ಯಾರು ಕರೆದರೂ ಮಾತಾಡುತ್ತದೆ, ಆದರೆ ವೇಗ ಅಷ್ಟಕ್ಕಷ್ಟೆ. ಇನ್ನೊಂದು, ಒಂದೇ ಕಂಪನಿಯ ಸ್ವಂತ ಗುಟ್ಟಿನ ಮೋಡೆಮ್. ಆ ಕಡೆಯೂ ಅದೇ ಕಂಪನಿಯ ಡಬ್ಬಿಯಿದ್ದರೆ ಗಾಳಿಯಂತೆ ಓಡುತ್ತದೆ. ಬೇರೆಯವರ ಡಬ್ಬಿ ಸಿಕ್ಕರೆ ಮುಖ ಸಿಂಡರಿಸಿ, ಅಜ್ಜನ ಕಾಲದ ನಿಧಾನದ ಭಾಷೆಗೆ ಇಳಿಯುತ್ತದೆ. ಹೆಣ್ಣು ಕೊಡುವುದೂ ತರುವುದೂ ತಮ್ಮ ಕಳ್ಳುಬಳ್ಳಿಯಲ್ಲೇ ಎನ್ನುವ ಮನೆತನಗಳಿರುತ್ತವಲ್ಲ, ಹಾಗೆ.

ಇದನ್ನೆಲ್ಲ ಭಾಗ್ಯಶ್ರೀಗೆ ವಿವರಿಸಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ತೀರ್ಪು ಕೊಟ್ಟಳು.

"ಎಲ್ಲಾರ ಜೋಡಿ ಮಾತಾಡೂದನ್ನ ತರ್ರಿ. ಬಂದವರ ಕುಲಾ ಕೇಳೂ ಡಬ್ಬಿ ನಮ್ಮ ಮನ್ಯಾಗ ಬ್ಯಾಡ."

"ಖರೇ ಮಾತು ಹೇಳಿದಿ ನೋಡು" ಎಂದೆ. ಮನಃಪೂರ್ವಕವಾಗಿಯೇ ಎಂದೆ. ಮುಂದಿನ ವಾರ ಧಾರವಾಡದ ಕಂಪ್ಯೂಟರ್ ಹವ್ಯಾಸಿಗಳ ಮಹಾಸಭೆಯಲ್ಲಿ (ಒಟ್ಟು ಐದು ಜನ, ಅವರಲ್ಲೊಬ್ಬರು ಬರೇ ಚಹಾಕ್ಕೆ ಬಂದವರು) ಸ್ಟ್ಯಾಂಡರ್ಡ್ ಮೋಡೆಮ್ಮಿನ ಪರವಾಗಿ ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಸಮಾನತೆ, ಸೌಹಾರ್ದ, ವಿಶ್ವಕುಟುಂಬ, ಒಂದನ್ನೂ ಬಿಡಲಿಲ್ಲ.

ಹರಟೆಕಟ್ಟೆಯ ಮೊದಲ ಸದಸ್ಯ ಗೋಪನಕೊಪ್ಪದ ಹತ್ತಿ ದಲಾಲಿ ಬಸವಪ್ರಭು. ಬಹಳ ಮರ್ಯಾದಸ್ಥ ಮನುಷ್ಯ. ಭಾಷಣಕ್ಕೆ ಮೊದಲು ಅವರ ಒಲವು ವೇಗದ ಮೋಡೆಮ್ಮಿನ ಕಡೆಗಿತ್ತು. ಭಾಷಣ ಮುಗಿದ ಮೇಲೆ ಕೇಳಿದೆ:

"ಮತ್ತ ನೀವು ಯಾವುದು ತಗೋತೀರಿ ಸಾವಕಾರ್ರ?"

"ಮಾಸ್ತರ, ನಿಮ್ಮ ಮಾತ ನಮ್ಮ ಮಾತು."

"ಛೇ ಛೇ, ನಿಮ್ಮ ಮನಸಿಗೆ ಬಂದಂಗ ಆಗಲಿ."

"ಇಲ್ರಿ, ನೀವು ಅಂದಂಗ."

"ಇಲ್ಲಿಲ್ಲ, ನೀವು ಅಂದಂಗ."

ನಮ್ಮ ಕಡೆ ಇಬ್ಬರು ಮರ್ಯಾದಸ್ಥರು ಕೂಡಿ ಒಂದು ತೀರ್ಮಾನಕ್ಕೆ ಬರುವುದೆಂದರೆ ಹೀಗೆಯೇ. ಇಬ್ಬರೂ ಕೈ ಮುಗಿದು, ಏನೂ ತೀರ್ಮಾನವಾಗದೆ, ಬಹಳ ಸಂತೋಷದಿಂದ ಮನೆಗೆ ಹೋದೆವು.

ಆಮೇಲೆ ನಾನು ಕಂಪ್ಯೂಟರ್ ಸಾಮಾನು ಮಾರುವ ಮುಜಾಫರನ ಅಂಗಡಿಗೆ ಹೋದದ್ದೇ ತಪ್ಪಾಯಿತು. ಅವನು ಎರಡು ವೇಗದ ಡಬ್ಬಿಗಳನ್ನು ಎದುರುಬದುರು ಇಟ್ಟು, ತಂತಿ ಜೋಡಿಸಿ, "ನೋಡ್ರಿ ಸರ್" ಎಂದು ಗುಂಡಿ ಒತ್ತಿದ. ಕಣ್ಣು ಪಿಳುಕಿಸುವುದರಲ್ಲಿ ಪರದೆ ಅಕ್ಷರಗಳಿಂದ ತುಂಬಿಹೋಯಿತು. ಸಮಾನತೆ, ಸೌಹಾರ್ದ, ವಿಶ್ವಕುಟುಂಬ ಮೂರೂ ಅದೇ ವೇಗದಲ್ಲಿ ನನ್ನ ತಲೆಯಿಂದ ಹಾರಿಹೋದವು. ಹೇಗೂ ಬಸವಪ್ರಭುಗಳಿಗೆ ವೇಗದ್ದೇ ಇಷ್ಟ, ನನ್ನ ದಾಕ್ಷಿಣ್ಯಕ್ಕೆ ಸುಮ್ಮನಾಗಿದ್ದಾರೆ, ಅವರ ಮನಸ್ಸು ನೋಯಿಸಬಾರದು ಎಂದು ನನಗೆ ನಾನೇ ಹೇಳಿಕೊಂಡು ವೇಗದ ಡಬ್ಬಿಯನ್ನೇ ಎತ್ತಿಕೊಂಡು ಬಂದೆ.

"ಎಲ್ಲಾರ ಜೋಡಿ ಮಾತಾಡೂದ ಹೌದಲ್ಲರಿ ಇದು?" ಎಂದು ಬಾಗಿಲಲ್ಲೇ ಕೇಳಿದಳು ಭಾಗ್ಯಶ್ರೀ.

"ಹೂಂ ಮತ್ತ! ನೀ ಹೇಳಿದ್ದ ತಂದೇನಿ" ಎಂದೆ. ಭೌತಶಾಸ್ತ್ರದ ಮೇಷ್ಟ್ರು ಸುಳ್ಳು ಹೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ.

ಉಳಿದದ್ದು ಫೋನಿನ ಪ್ರಶ್ನೆ. ದಿನಾ ಸಂಜೆ ನಾಲ್ಕರಿಂದ ಆರರವರೆಗೆ ಫೋನು ಹರಟೆಕಟ್ಟೆಗೆ ಬೇಕೆಂದೆ. ಆ ಎರಡು ತಾಸು ಆಕೆಯ ಖಾಸಾ ವೇಳೆ.

"ಒಂದು ಮಾತು ಕೇಳ್ರಿ" ಎಂದಳು. "ಐತವಾರ ಸಂಜೀ ಆರರೊಳಗ ನನಗ ಗೊತ್ತಿಲ್ಲದ ಸುದ್ದಿ ಒಂದ, ಒಂದಽ ಒಂದು, ಆ ಡಬ್ಬಿಯಿಂದ ಬರಲಿ. ಬಂತಂದ್ರ ದಿನಾ ಎರಡು ತಾಸು ಫೋನ್ ನಿಮ್ಮದು. ಬರಲಿಲ್ಲ, ಡಬ್ಬಿ ಅಟ್ಟದ ಮ್ಯಾಲೆ."

ಭಾಗ್ಯಶ್ರೀಗೆ ಗೊತ್ತಿಲ್ಲದ ಸುದ್ದಿ! ಹುಬ್ಬಳ್ಳಿಯಲ್ಲಿ ಅಂಥದ್ದು ಹುಟ್ಟುವುದೇ ಅಪರೂಪ. ಆದರೂ ಒಪ್ಪಿದೆ.

ಭಾನುವಾರ ಐದು ಗಂಟೆಗೆ ಫೋನು ರಿಂಗಾಯಿತು. ನನ್ನ ಡಬ್ಬಿಯೇ ಅದನ್ನು ಎತ್ತಿಕೊಂಡು ಕಿರುಚಿತು. ಆ ಕಡೆಯಿಂದ ಬಸವಪ್ರಭುಗಳ ಡಬ್ಬಿಯೂ ಕಿರುಚಿತು. ಎರಡೂ ಬಹಳ ಹೊತ್ತು ಗುದ್ದಾಡಿ ಕೊನೆಗೆ ಗೊರಗೊರ ಎನ್ನುತ್ತ ಸಂಧಾನಕ್ಕೆ ಬಂದವು. ನಾನು ಗಾಳಿಯ ವೇಗವನ್ನು ನಿರೀಕ್ಷಿಸಿ ಕುರ್ಚಿಯ ತುದಿಗೆ ಕೂತೆ. ಪರದೆಯ ಮೇಲೆ ಒಂದು ಅಕ್ಷರ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂತು. ಆಮೇಲೆ ತಂತಿಯ ಗೊರಗೊರದಲ್ಲಿ ಕೆಟ್ಟುಹೋದದ್ದಕ್ಕೆ ಮೊದಲನೆಯದೇ ಮತ್ತೊಮ್ಮೆ ಬಂತು.

ಆಗ ಹೊಳೆಯಿತು. ಬಸವಪ್ರಭುಗಳ ಡಬ್ಬಿ ಬೇರೆ ಪಂಗಡದ್ದು! ನಾನು ಅವರ ಮರ್ಯಾದೆಗೆ ವೇಗದ್ದು ತಂದರೆ, ಅವರು ನನ್ನ ಭಾಷಣದ ಮರ್ಯಾದೆಗೆ ಮುಂಬಯಿಯಿಂದ ಸ್ಟ್ಯಾಂಡರ್ಡ್ ತರಿಸಿಕೊಂಡಿದ್ದರು.

ಭಾಗ್ಯಶ್ರೀ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಕೂಡಿಸಿ ಕೂಡಿಸಿ ಜೋರಾಗಿ ಓದತೊಡಗಿದಳು.

"ಶ್ರೀಮಾನ್… ಗುರುಬಸವ ಮಾಸ್ತರ… ಸನ್ನಿಧಾನಕ್ಕ… ಬಸವಪ್ರಭು ಮಾಡುವ… ಶರಣು ಶರಣಾರ್ಥಿಗಳು… ಇತ್ತ ಎಲ್ಲರೂ ಕ್ಷೇಮ…"

ಕ್ಷೇಮಸಮಾಚಾರ ಮುಗಿಯುವುದರಲ್ಲಿ ಐದೂವರೆ ಹೊಡೆಯಿತು.

"ನಮ್ಮ ಮನೆಯವರು ಈರವ್ವ… ತೊಟ್ಟಿಲ ಕಾರ್ಯಕ್ಕ… ಗದಗಕ್ಕ ಹೋಗ್ಯಾರ…" ಓದು ನಿಲ್ಲಿಸಿ ಅಂದಳು, "ಗೊತ್ತೈತಿ. ಕೂಸಿನ ತಲಿಗೆ ಹಾಕಾಕ ಕುಂಚಗಿ ಹೊಲಿಸಿಕೊಟ್ಟಾಕಿ ನಾನ."

"ಮುಂದ ಓದು" ಎಂದೆ, ಬೆವರು ಒರೆಸಿಕೊಳ್ಳುತ್ತ.

"ನಾಳೆ ನಳಕ್ಕ… ನೀರು ಬಿಡತಾರಂತ… ಗೊತ್ತೈತಿ. ಡ್ರಮ್ ತೊಳದಿಟ್ಟೇನಿ." ಗಡಿಯಾರ ನೋಡಿದಳು. "ಇನ್ನ ಹತ್ತು ಮಿನಿಟ್ ರೀ."

ಮುಂದಿನ ಸಾಲು ಶುರುವಾಯಿತು.

"ಮಾಸ್ತರ… ತಮ್ಮ ಭಾಷಣ ಕೇಳಿ… ನಾ ಸ್ಟ್ಯಾಂಡರ್ಡ್ ತರಿಸಿದೆ… ಆದರ ತಾವು…"

ಮುಂದಿನದು ನನಗೆ ತಿಳಿದುಹೋಯಿತು. ವೇಗದ ಮೋಡೆಮ್ ಇಬ್ಬರ ಹತ್ತಿರವೂ ಇದ್ದಿದ್ದರೆ ಸಾಲು ಮಿಂಚಿ ಹೋಗುತ್ತಿತ್ತು, ಆಕೆ ಓದುವುದರೊಳಗೆ ಪರದೆ ಒರೆಸಿಬಿಡುತ್ತಿದ್ದೆ. ಈಗ ನನ್ನ ಮಾನ ಒಂದೊಂದೇ ಅಕ್ಷರವಾಗಿ ಹರಾಜಾಗುತ್ತಿತ್ತು. ತಂತಿ ಕಿತ್ತರೆ ಷರತ್ತು ಸೋತೆ, ಬಿಟ್ಟರೆ ನಾನೇ ಸತ್ತೆ.

"ಭಾಗ್ಯಾ, ಸ್ವಲ್ಪ ಚಹಾ ಮಾಡತಿ?"

"ಸುಮ್ಮ ಕೂಡ್ರಿ. ಆದರ ತಾವು… ವೇಗದ್ದು… ತಗೊಂಡೀರಿ ಅಂತ… ನಿನ್ನೆ ಮುಜಾಫರ… ಹೇಳಿದ."

ಭಾಗ್ಯಶ್ರೀ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ಇದು ಮಾತ್ರ ನನಗ ಗೊತ್ತಿರಲಿಲ್ಲ ನೋಡ್ರಿ" ಎಂದಳು. "ಆರಕ್ಕ ಇನ್ನ ಎರಡು ಮಿನಿಟ್ ಐತಿ. ಷರತ್ತು ನೀವು ಗೆದ್ರಿ."

ಗೆದ್ದ ನಾನು ಪರದೆ ಒರೆಸುವ ಗುಂಡಿಗೆ ಕೈ ಹಾಕಿದೆ, ಆಕೆ ಆ ಕೈ ಸರಿಸಿದಳು.

"ನಾ ಕೊಟ್ಟ ಮಾತಿಗೆ ತಪ್ಪಾಕಿ ಅಲ್ಲ. ದಿನಾ ನಾಕರಿಂದ ಆರು ಈ ಡಬ್ಬಿಗೇ ಫೋನ್. ಆದರ ಇಷ್ಟು ಛಲೋ ಸುದ್ದಿ ಕೊಡೂ ಡಬ್ಬಿ ಮುಂದ ಇನ್ನ ಮ್ಯಾಲೆ ಕೂಡೂದು ನಾನು. ಏಳ್ರಿ, ಆ ಕುರ್ಚಿ ಬಿಡ್ರಿ."

ಬಿಟ್ಟೆ. ಆಕೆ ಒಂದೇ ಬೆರಳಿನಿಂದ ಟಕ್ ಟಕ್ ಎಂದು ಬಸವಪ್ರಭುಗಳಿಗೆ ಬರೆದಳು: ನಮ್ಮವರು ನನಗೆ ಹೇಳದೆ ಇನ್ನೂ ಏನೇನು ತಗೊಂಡಾರ? ಕೂಡಲೆ ತಿಳಿಸಬೇಕು.

ಈ ಪ್ರಶ್ನೆಗೆ ಬಸವಪ್ರಭುಗಳಲ್ಲಿ ಉತ್ತರವಿತ್ತು. ಏಕೆಂದರೆ ಎರಡು ತಿಂಗಳಿಂದ ನನ್ನದೊಂದು ಹೊಸ ಪ್ರಿಂಟರ್ ಬಸವಪ್ರಭುಗಳ ಗೋದಾಮಿನಲ್ಲಿ, ಹತ್ತಿಯ ಅಂಡಿಗೆಗಳ ಹಿಂದೆ ಅಜ್ಞಾತವಾಸ ಮಾಡುತ್ತಿತ್ತು.

ಪರದೆಯ ಮೇಲೆ ಉತ್ತರ ಆರಂಭವಾಯಿತು: ಶ್ರೀಮತಿ… ಭಾಗ್ಯಶ್ರೀ… ಅಕ್ಕಾವರ…

ಶರಣು ಶರಣಾರ್ಥಿ ಮುಗಿಯುವುದಕ್ಕೇ ಕಾಲು ಗಂಟೆ ಬೇಕು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ. ಸ್ಕೂಟರ್ ಚಾಲೂ ಆಗಲಿಲ್ಲ. ಧೋತರ ಎತ್ತಿ ಕಟ್ಟಿ ಗೋಪನಕೊಪ್ಪದ ದಿಕ್ಕಿಗೆ ಓಡಿದೆ. ನನ್ನ ವಿದ್ಯಾರ್ಥಿಗಳಿಬ್ಬರು ಎದುರಾಗಿ ನಮಸ್ಕಾರ ಮಾಡಿದರು, ಓಡುತ್ತಲೇ ತಿರುಗಿ ನಮಸ್ಕರಿಸಿದೆ. ಏದುಸಿರು ಬಿಡುತ್ತ ಬಸವಪ್ರಭುಗಳ ಪಡಸಾಲೆಗೆ ನುಗ್ಗಿದಾಗ ಅವರು ಕೀಲಿಮಣೆಯಿಂದ ಕೈ ತೆಗೆದು, ಎದ್ದು ನಿಂತು, ಎರಡೂ ಕೈ ಜೋಡಿಸಿದರು.

"ಬರ್ರಿ ಬರ್ರಿ ಮಾಸ್ತರ! ಅಕ್ಕಾರು ತಾವಾಗಿ ಕೇಳಿದ ಮ್ಯಾಲೆ ಇಲ್ಲ ಅನ್ನಾಕ ಬರತೈತೇನ್ರಿ? ಈ ಸಲ ಶರಣು ಗಿರಣು ಎಲ್ಲಾ ಬಿಟ್ಟು ಪ್ರಿಂಟರಿನ ಸುದ್ದೀನ ಮೊದಲ ಬರದೆ. ಮುಟ್ಟೇತಿ ಅಂತ ಅಕ್ಕಾರು ಜವಾಬೂ ಕಳಿಸ್ಯಾರ. ಕೂಡ್ರಿ, ಚಹಾ ತರಸ್ತೇನಿ."

ಕೂತೆ. ಎರಡು ಕಪ್ ಚಹಾ ಕುಡಿದೆ. ಮೂರನೆಯದನ್ನು ನಾನೇ ಕೇಳಿ ತರಿಸಿಕೊಂಡೆ. ಮನೆಗೆ ಹೋಗುವ ಅವಸರವೇನೂ ನನಗಿರಲಿಲ್ಲ.