ಟಗರು ತುಳಿದ ಉಗುರು

ಟಗರಿಗೆ ಅಮೋಘಸಿದ್ದನ ಮೇಲೆ ದ್ವೇಷವೇನೂ ಇರಲಿಲ್ಲ. ಹಿಂಡಿನಲ್ಲಿ ಮುಂದೆ ಹೋಗುವ ಅವಸರದಲ್ಲಿ ಅವನ ಬಲಗಾಲ ಹೆಬ್ಬೆರಳಿನ ಮೇಲೆ ಒಂದು ಗೊರಸು ಇಟ್ಟು ಹೋಯಿತು, ಅಷ್ಟೇ. ವಾರ ಕಳೆಯುವಷ್ಟರಲ್ಲಿ ಉಗುರು ಮಾಗಿದ ನೇರಳೆ ಹಣ್ಣಿನಂತೆ ಮಿರಿಮಿರಿ ಮಿಂಚತೊಡಗಿತು. ಸರಿಯಾಗಿ ಆಗಲೇ ಹಿರೇಕೊಟ್ನೆಕಲ್ಲಿನಲ್ಲಿ ಅವನಿಗೆ ಹೆಣ್ಣು ನೋಡುವುದು ನಿಶ್ಚಯವಾಗಿತ್ತು. ಮೂವತ್ತು ದಾಟಿದವನಿಗೆ ಹೂಂ ಎನ್ನುವ ಹಾಗೆ ಕಂಡ ಮೊದಲ ಮನೆ.

ಜಾಲಹಳ್ಳಿಯ ಮನೆಯ ಕಟ್ಟೆ ಮೇಲೆ ಕೂತು ಹೊಸ ಬೂಟಿಗೆ ಕಾಲು ತೂರಿಸುತ್ತಿದ್ದಾಗ ಪಕ್ಕದ ಮನೆಯ ಆದೆಮ್ಮ ನೋಡಿಬಿಟ್ಟಳು.

"ಯಪ್ಪಾ, ಏನಿದು ಉಗುರ? ಲಿವರ್ ಹೋದ್ರ ಹಿಂಗ ಆಗ್ತದಂತ. ಮೊಬೈಲಿನ್ಯಾಗ ತೋರ್ಸಿದ್ರು."

"ಟಗರು ತುಳದದ ಯವ್ವಾ."

"ಬೆಳ್ಳಗಾದ್ರ ರಕ್ತ ಇಲ್ಲ, ಹಳದಿ ಆದ್ರ ಪುಪ್ಪುಸ, ಕರ್ರಗಾದ್ರ... ಬಿಡು, ಮುಂಜಾನಿ ಹೊತ್ತಿನ್ಯಾಗ ನಾ ಯಾಕ ಹೇಳ್ಲಿ!"

ಅವಳು ಹೇಳದೆ ಬಿಟ್ಟದ್ದು ಅವನಿಗಿಂತ ಮೊದಲೇ ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಪಾನ್ ಡಬ್ಬಿಯ ಪರ್ವೇಜ್ ಎಲೆಗೆ ಸುಣ್ಣ ಹಚ್ಚುವುದನ್ನು ಬಿಟ್ಟು ಬಗ್ಗಿ ಅವನ ಬೂಟನ್ನೇ ನೋಡಿದ. "ಶುಗರ್ ಪಕ್ಕಾ, ಭಾಯ್. ನಮ್ಮ ಚಿಕ್ಕಮ್ಮ ಖಾಲಾಗೂ ಉಗುರಿಂದಾನ ಶುರುವಾತು. ಚಾ ಬಂದ್ ಮಾಡು," ಎಂದವನೇ ಅಮೋಘಸಿದ್ದನ ಕೈಯಲ್ಲಿದ್ದ ಚಹಾ ಇಸಿದುಕೊಂಡು ತಾನೇ ಕುಡಿದ.

"ಉಗುರ ನಂದು, ಬೆರಳ ನಂದು, ಟಗರೂ ನಂದ! ನಿಮಗೇನ್ರೀ ಸಂಕಟ?"

ಅಮೋಘಸಿದ್ದ ಬೂಟು ಕಿತ್ತು ಕಂಕುಳಲ್ಲಿಟ್ಟು, ಆ ಬೆರಳನ್ನೇ ಬಾವುಟದಂತೆ ಮುಂದೆ ಮಾಡಿಕೊಂಡು ಬಸ್ ಹತ್ತಿದ. ದೇವದುರ್ಗ ಬರುವಷ್ಟರಲ್ಲಿ ಬಸ್ಸಿನ ಮಂದಿ ಅವನಿಗೆ ಕಿಡ್ನಿ, ಗುಂಡಿಗೆ, ಥೈರಾಯ್ಡು ಎಲ್ಲದರ ರೋಗವನ್ನೂ ದಾನ ಮಾಡಿದ್ದರು.

ರೋಷ ನೆತ್ತಿಗೇರಿ, ಇಳಿದವನೇ ಡಾಕ್ಟರ ಮುಂದೆ ಕಾಲು ಚಾಚಿದ. ಅವರು ಒತ್ತಿ ನೋಡಿದರು, ಶುಗರೂ ನೋಡಿದರು. "ಉಗುರಿನ ಕೆಳಗ ರಕ್ತ ಹೆಪ್ಪುಗಟ್ಟ್ಯದ. ಉಗುರ ಬೆಳದಂಗ ಕರಿ ಮುಂದ ಸರೀತದ, ಸರೀಲಿಲ್ಲಂದ್ರ ಮತ್ತ ಬಾ. ಶುಗರ್ ಗಿಗರ್ ಏನಿಲ್ಲ. ಕಲ್ಲಿನಂಗ ಅದೀ, ಹೋಗು!"

ಈ ಸಂಬಂಧ ತಂದ ಸೋದರಮಾವ ಹನುಮಂತ್ರಾಯ ಹೊರಗೆ ಕಾಯುತ್ತಿದ್ದ. ಸುದ್ದಿ ಕೇಳಿ ಅವನ ಮುಖವೇನೂ ಅರಳಲಿಲ್ಲ. "ಬೂಟು ಹಾಕ್ಕೊ ಮದಲ. ಅವರ ಮನ್ಯಾಗ ಟಗರು ಪಗರು ಅನಬ್ಯಾಡ. ಮಾತು ನನಗ ಬಿಡು."

ಮಾವನೂ ಲಿವರ್ ಪಕ್ಷ ಸೇರಿದನೆಂದು ಅಮೋಘಸಿದ್ದ ಹಲ್ಲು ಕಡಿದ.

ಆದರೆ ಹಿರೇಕೊಟ್ನೆಕಲ್ಲಿನಲ್ಲಿ ಹೆಣ್ಣಿನ ತಂದೆ ಚೊಂಬು ಹಿಡಿದು ಅಂಗಳದಲ್ಲೇ ನಿಂತಿದ್ದರು. ಬಂದವರು ಕಾಲು ತೊಳೆಯದೆ ಹೊಸ್ತಿಲು ದಾಟುವ ಹಾಗಿಲ್ಲ. ಬೂಟು ಕಳಚಿತು. ನೀರು ಬಿದ್ದ ಉಗುರು ಮತ್ತಷ್ಟು ಹೊಳೆಯಿತು. ಕದದ ಸಂದಿಯಲ್ಲಿ ಹುಡುಗಿ ಉಮಾದೇವಿಯ ಬಳೆ ಸದ್ದು ತಟ್ಟನೆ ನಿಂತಿತು.

"ಏ, ಅದು ಜರಾ ಶುಗರ್ ರೀ," ಎಂದು ಹನುಮಂತ್ರಾಯ ನಕ್ಕ. "ಈಗ ಯಾರಿಗಿಲ್ಲ ಹೇಳ್ರಿ?"

"ಅದಕ್ಕೇನಾತು, ಗುಳಿಗಿ ತಗೊಂಡ್ರಾತು. ಬರ್ರಿ ಒಳಗ," ಎಂದರು ತಂದೆ. ಬಳೆ ಮತ್ತೆ ಸದ್ದು ಮಾಡಿತು.

ಮುಂಜಾನೆಯಿಂದ ಕಾದಿದ್ದ ಎಣ್ಣೆಗೆ ಆಗ ಸಾಸಿವೆ ಬಿತ್ತು. "ಶುಗರ್ ಇಲ್ಲ, ಏನಿಲ್ಲ!" ಎಂದು ಅಮೋಘಸಿದ್ದ ಒದ್ದೆ ಕಾಲನ್ನು ಎತ್ತಿ ತೋರಿಸಿದ. "ಕಲ್ಲಿನಂಗ ಅದೀ ಅಂದಾರ ಡಾಕ್ಟರು. ಟಗರು ತುಳದದ್ರೀ! ದಿನಾ ಕುರಿ ಕಾಯಾಂವಗ ಇದೆಲ್ಲಾ ಒಂದು ಲೆಕ್ಕೇನು?"

ಚೊಂಬು ಕೆಳಗಿಳಿಯಿತು. "ಕುರಿ? ರಾಯಚೂರಾಗ ಎಸಿ ಕೆಳಗ ಕುಂತು ಆಫೀಸ್ ಕೆಲಸ ಮಾಡ್ತಾನ ಅಂದಿದ್ರಲ್ರೀ, ಹನುಮಂತ್ರಾಯ?"

ಹನುಮಂತ್ರಾಯ ಮಳೆ ಬರುತ್ತದೇನೋ ಎಂಬಂತೆ ಬೋಳು ಆಕಾಶ ನೋಡಿದ. ಹಿತ್ತಲಲ್ಲಿ ಆ ಮನೆಯವರದೇ ಕುರಿಗಳು ಬ್ಯಾ ಎಂದವು.

ಉಳಿದ ನೀರನ್ನು ಮಲ್ಲಿಗೆ ಬಳ್ಳಿಗೆ ಸುರಿದು ತಂದೆ ನಿಟ್ಟುಸಿರಿಟ್ಟರು. "ಶುಗರ್ ಆಗಿದ್ರ ಗುಳಿಗಿ ಇತ್ತು ತಮ್ಮಾ. ಕುರಿಗೇನು ಔಷಧ?"

ಸಂಜೆ ಬರಿಗಾಲಲ್ಲಿ, ಎದೆ ಉಬ್ಬಿಸಿಕೊಂಡೇ ಬಂದವನನ್ನು ಆದೆಮ್ಮ ತಡೆದಳು. "ಲಿವರ್ ಹೋಗ್ಯದ ಅಂತ ಹೊರಗ ಹಾಕಿದ್ರೇನೋ?"

"ಇಲ್ಲ ಯವ್ವಾ," ಎಂದ ಅಮೋಘಸಿದ್ದ. "ಆರೋಗ್ಯ ಚೊಲೋ ಅದ ಅಂತ ಹೊರಗ ಹಾಕಿದ್ರು."